ಬೆಳಗಿನ ಶುಗರ್ ಸರಿ, ಮೂರು ತಿಂಗಳ ಶುಗರ್ ಮಾತ್ರ ಜಾಸ್ತಿ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಮಹಿಳೆಗೆ 57 ವರ್ಷ. ಟೈಪ್ 2 ಮಧುಮೇಹ ಬಂದು ಒಂಬತ್ತು ವರ್ಷವಾಗಿತ್ತು. ದಿನಕ್ಕೆ ಎರಡು ಸಲ ಮೆಟ್‌ಫಾರ್ಮಿನ್, ಬೆಳಿಗ್ಗೆ ಒಂದು ಗ್ಲಿಮೆಪಿರೈಡ್. ಇನ್ಸುಲಿನ್ ಇರಲಿಲ್ಲ. ಸಂಜೆಯ ಒಂದು ಗಂಟೆ ನಡಿಗೆಯನ್ನು ತಪ್ಪಿಸುವವರಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಮಧುಮೇಹ ಇರುವವರಿಗೆ ಊಟ, ದಿನಚರಿಯ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಮಾತ್ರೆಯ ವಿಷಯದಲ್ಲಿ ಇಲ್ಲಿ ಬರುವ ತೀರ್ಮಾನಗಳೆಲ್ಲ ಅವರ ವೈದ್ಯರದ್ದು.

ಅವರ ಹತ್ತಿರ ಒಂದು ನೋಟ್‌ಬುಕ್ ಇತ್ತು. ಬೆಳಿಗ್ಗೆ ಎದ್ದ ಕೂಡಲೇ ಬೆರಳು ಚುಚ್ಚಿ ನೋಡಿ ಬರೆದಿಟ್ಟ ಅಂಕಿಗಳು. 118, 126, 131, 122. ಪುಟ ತುಂಬ ಅಚ್ಚುಕಟ್ಟಾಗಿ ಅದೇ ಸಾಲು. ಮಧುಮೇಹ ಇರುವ ಹೆಚ್ಚಿನ ವಯಸ್ಕರಿಗೆ ಖಾಲಿ ಹೊಟ್ಟೆಯ ಗುರಿ 80ರಿಂದ 130. ಹಾಗೆ ನೋಡಿದರೆ ದೂರುವಂಥದ್ದೇನೂ ಇಲ್ಲ. ಆದರೆ ಮೂರು ತಿಂಗಳ ಶುಗರ್ ಅಂತ ಕರೆಯುವ ರಕ್ತಪರೀಕ್ಷೆ, ಎಚ್‌ಬಿಎ1ಸಿ, ಶೇ 8.4 ಬಂದಿತ್ತು. ಅದರ ಹಿಂದಿನ ಸಲ 8.1. ಸಾಮಾನ್ಯವಾಗಿ 7ಕ್ಕಿಂತ ಕೆಳಗಿರಲಿ ಅನ್ನುತ್ತಾರೆ.

(ಎಚ್‌ಬಿಎ1ಸಿ ಬಿಟ್ಟು ಇಲ್ಲಿನ ಶುಗರ್ ಅಂಕಿಗಳೆಲ್ಲ ಒಂದು ಡೆಸಿಲೀಟರ್‌ಗೆ ಇಷ್ಟು ಮಿಲಿಗ್ರಾಂ ಅನ್ನುವ ಲೆಕ್ಕದವು. ನಿಮ್ಮ ಮೀಟರ್ ಮಿಲಿಮೋಲ್‌ನಲ್ಲಿ ತೋರಿಸುತ್ತಿದ್ದರೆ ಅದನ್ನು 18ರಿಂದ ಗುಣಿಸಿಕೊಳ್ಳಿ.)

ಜೊತೆಯಲ್ಲಿ ಮಗಳು ಬಂದಿದ್ದಳು. ಅಮ್ಮ ಹೊರಗೆ ಕೂತಿದ್ದಾಗ ನನ್ನ ಹತ್ತಿರ ಮೆಲ್ಲಗೆ ಹೇಳಿದಳು, "ನಮ್ಮ ಕಣ್ಣು ತಪ್ಪಿಸಿ ಏನೋ ತಿಂತಾರೆ ಮೇಡಂ." ಒಳಗೆ ಬಂದ ಅಮ್ಮನ ವಾದವೇ ಬೇರೆ. "ದಿನಾ ನೋಡ್ಕೋತೀನಿ, ಎಲ್ಲ ಸರಿಯಾಗೇ ಇದೆ. ಲ್ಯಾಬ್‌ನವರೇ ಏನೋ ಎಡವಟ್ಟು ಮಾಡಿರಬೇಕು." ಇಬ್ಬರೂ ಎಷ್ಟು ದಿನದಿಂದ ಈ ಜಗಳ ಆಡುತ್ತಿದ್ದರೋ, ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರ ಉತ್ತರ ಬರುತ್ತಿತ್ತು.

ಕದ್ದು ತಿನ್ನುವ ಅನುಮಾನ ಮಧುಮೇಹ ಇರುವ ಮನೆಗಳಲ್ಲಿ ತೀರಾ ಸುಲಭವಾಗಿ ಹುಟ್ಟುತ್ತದೆ. ಅದು ನಿಜವೇ ಆಗಿದ್ದರೂ ಅದರಿಂದ ಕೆಲಸಕ್ಕೆ ಬರುವ ಮಾಹಿತಿ ಏನೂ ಸಿಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಯಾವ ಹೊತ್ತಿಗೆ ಏರುತ್ತಿದೆ, ಎಷ್ಟು ಏರುತ್ತಿದೆ ಅಂತ ಗೊತ್ತಾದರೆ ಮಾತ್ರ ಏನಾದರೂ ಮಾಡಬಹುದು.

ಮೊದಲು ಎರಡೂ ಪರೀಕ್ಷೆಗಳ ತಪಾಸಣೆ

ಎರಡು ಪರೀಕ್ಷೆ ಎರಡು ಥರ ಹೇಳುತ್ತಿದ್ದರೆ ಎರಡನ್ನೂ ಪ್ರಶ್ನಿಸಬೇಕು. ಮೀಟರ್‌ನಿಂದ ಶುರು ಮಾಡಿದೆವು. ಸ್ಟ್ರಿಪ್ ಡಬ್ಬಿಯ ದಿನಾಂಕ ಮುಗಿದಿರಲಿಲ್ಲ, ಮುಚ್ಚಳ ಗಟ್ಟಿಯಾಗಿತ್ತು. ಗಾಳಿಯ ತೇವ ತಗುಲಿದರೆ ಸ್ಟ್ರಿಪ್ ಹಾಳಾಗುತ್ತದೆ, ಅದಕ್ಕೆ ಇದನ್ನು ನೋಡುವುದು. ಕೈ ತೊಳೆದು, ಒರೆಸಿಕೊಂಡು ಚುಚ್ಚುತ್ತೀರಾ ಅಂತ ಕೇಳಿದೆ. ಹಣ್ಣು ಹೆಚ್ಚಿದ ಕೈಯಲ್ಲೇ ಚುಚ್ಚಿದರೆ ಬೆರಳಿಗೆ ಅಂಟಿದ ಸಕ್ಕರೆಯೂ ರಕ್ತದ ಲೆಕ್ಕಕ್ಕೆ ಸೇರಿ ಅಂಕಿ ಸಿಕ್ಕಾಪಟ್ಟೆ ಏರುತ್ತದೆ. ಅವರದ್ದು ಬೆಳಗಿನ ಪರೀಕ್ಷೆ, ಆ ಸಮಸ್ಯೆ ಇರಲಿಲ್ಲ. ಲ್ಯಾಬ್‌ನಲ್ಲಿ ಖಾಲಿ ಹೊಟ್ಟೆಯ ರಕ್ತ ಕೊಡುವ ಹೊತ್ತಿಗೇ ಬೆರಳನ್ನೂ ಚುಚ್ಚಿ ನೋಡಿಸಿದೆವು. ಮೀಟರ್ 128, ಲ್ಯಾಬ್ 121. ಒಳ್ಳೆಯ ಮೀಟರ್ ಕೂಡ ಲ್ಯಾಬ್ ಅಂಕಿಗಿಂತ ಶೇ 15ರವರೆಗೆ ಆಚೀಚೆ ಆಗಬಹುದು ಅಂತ ಅಂತರರಾಷ್ಟ್ರೀಯ ಮಾನದಂಡವೇ ಒಪ್ಪುತ್ತದೆ. ಹಾಗಾಗಿ ಮೀಟರ್‌ನದ್ದೇನೂ ತಪ್ಪಿಲ್ಲ. ಇಂಥ ಹೋಲಿಕೆಯನ್ನು ಖಾಲಿ ಹೊಟ್ಟೆಯಲ್ಲೇ ಮಾಡಬೇಕು. ಊಟವಾದ ಮೇಲೆ ಬೆರಳಿನ ರಕ್ತದಲ್ಲಿ ಶುಗರ್ ತೋಳಿನ ರಕ್ತನಾಳದಲ್ಲಿ ಇರುವುದಕ್ಕಿಂತ ಜಾಸ್ತಿಯೇ ಇರುತ್ತದೆ.

ಇನ್ನು ಎಚ್‌ಬಿಎ1ಸಿ. ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಅನ್ನುವುದರ ಅಳತೆ ಅದು. ಕಣದ ಆಯಸ್ಸು ಸುಮಾರು 120 ದಿನ. ಅದಕ್ಕೇ ಎರಡು ಮೂರು ತಿಂಗಳ ಲೆಕ್ಕ ಅನ್ನುವುದು. ಕಬ್ಬಿಣದ ಕೊರತೆಯಿದ್ದರೆ ಈ ಅಂಕಿ ಸುಮ್ನೆ ಏರಿ ತೋರಬಹುದು. ರಕ್ತ ಹೋಗಿದ್ದರೆ, ಕಣಗಳು ಬೇಗ ಸಾಯುತ್ತಿದ್ದರೆ ಇಳಿದು ತೋರಬಹುದು. ಅಮ್ಮನ ವಾದಕ್ಕೆ ಜಾಗ ಇದ್ದದ್ದು ಇಲ್ಲೇ. ವೈದ್ಯರು ಹಿಮೋಗ್ಲೋಬಿನ್, ಕಬ್ಬಿಣದ ಅಂಶ, ಕಿಡ್ನಿ ಮೂರನ್ನೂ ಪರೀಕ್ಷೆ ಮಾಡಿಸಿದರು. ಮೂರೂ ಸರಿ ಇದ್ದವು.

ಅಂದರೆ ಮೀಟರ್ ಹೇಳಿದ್ದೂ ನಿಜ, ಲ್ಯಾಬ್ ಹೇಳಿದ್ದೂ ನಿಜ. ಎಚ್‌ಬಿಎ1ಸಿಯನ್ನು 28.7ರಿಂದ ಗುಣಿಸಿ 46.7 ಕಳೆದರೆ ಸರಾಸರಿ ಶುಗರ್ ಅಂದಾಜು ಸಿಗುತ್ತದೆ. 8.4ಕ್ಕೆ ಅದು 194. ಬೆಳಿಗ್ಗೆ 125 ಇರುವವರ ಸರಾಸರಿ 194 ಆಗಬೇಕಾದರೆ ಉಳಿದ ಹೊತ್ತಿನಲ್ಲಿ 200 ದಾಟಿ ಎಲ್ಲೋ ತುಂಬಾ ಹೊತ್ತು ಇರಲೇಬೇಕು. ನಸುಕಿನಲ್ಲಿ ರಸ್ತೆ ನೋಡಿ ಇಲ್ಲಿ ಟ್ರಾಫಿಕ್ಕೇ ಇಲ್ಲ ಅಂದ ಹಾಗೆ ಆಗಿತ್ತು ಅವರ ನೋಟ್‌ಬುಕ್.

ಇಡೀ ದಿನದ ಅಂಕಿ

ಮೂರು ದಿನ ಮಾತ್ರ, ದಿನಕ್ಕೆ ಏಳು ಸಲ ನೋಡಿ ಅಂತ ಕೇಳಿಕೊಂಡೆವು. ಮೂರು ಹೊತ್ತೂ ತಿನ್ನುವ ಮೊದಲು ಒಮ್ಮೆ, ತಿಂದ ಎರಡು ಗಂಟೆಗೆ ಒಮ್ಮೆ, ಮಲಗುವಾಗ ಒಮ್ಮೆ. ಎರಡು ಗಂಟೆಯ ಲೆಕ್ಕ ಮೊದಲ ತುತ್ತಿನಿಂದ, ಕೈ ತೊಳೆದಾಗಿನಿಂದ ಅಲ್ಲ. ಬೆರಳಿನ ತುದಿಯ ನಡುಭಾಗ ಬಿಟ್ಟು ಪಕ್ಕಕ್ಕೆ ಚುಚ್ಚಿದರೆ ನೋವು ಕಡಿಮೆ. ಇಷ್ಟಕ್ಕೆ ಒಪ್ಪಿದರು. ಇನ್ನೊಂದು ಷರತ್ತೂ ಇತ್ತು: ಪರೀಕ್ಷೆ ನಡೀತಿದೆ ಅಂತ ಪಥ್ಯ ಬಿಗಿ ಮಾಡಬಾರದು, ಎಂದಿನ ಹಾಗೇ ತಿನ್ನಬೇಕು. ಇದಕ್ಕೆ ಒಪ್ಪುವುದು ಅವರಿಗೆ ಹೆಚ್ಚು ಕಷ್ಟವಾಯಿತು. ಕೆಟ್ಟ ಅಂಕಿ ಬಂದರೆ ಮಗಳು ನೋಡುತ್ತಾಳಲ್ಲ!

ಮೂರೂ ದಿನದ ಚಿತ್ರ ಹೆಚ್ಚು ಕಡಿಮೆ ಒಂದೇ. ಎರಡನೇ ದಿನದ್ದನ್ನು ಬರೆಯುತ್ತೇನೆ. ಎದ್ದಾಗ 124. ತಿಂಡಿಯ ನಂತರ 263. ಮಧ್ಯಾಹ್ನದ ಊಟಕ್ಕೆ ಮೊದಲು 186, ನಂತರ 231. ರಾತ್ರಿ ಊಟಕ್ಕೆ ಮೊದಲು 224, ನಂತರ 248. ಮಲಗುವಾಗ 210. ಊಟದ ನಂತರ 180ಕ್ಕಿಂತ ಕೆಳಗಿರಬೇಕು ಅನ್ನುವುದು ಸಾಮಾನ್ಯ ಗುರಿ.

ಬೆಳಗಿನ ತಿಂಡಿಯ ಏರಿಕೆ ಅವರಿಗೆ ಆಶ್ಚರ್ಯ ತಂದಿತು. ನನಗೆ ಅಲ್ಲ. ನಸುಕಿನಲ್ಲಿ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನ್ ಮುಂತಾದವು ಜಾಸ್ತಿಯಾಗಿ ಇನ್ಸುಲಿನ್‌ನ ಕೆಲಸಕ್ಕೆ ಅಡ್ಡ ಬರುತ್ತವೆ. ಮಧುಮೇಹ ಇರುವ ಅನೇಕರಲ್ಲಿ ಅದೇ ಪ್ರಮಾಣದ ಪಿಷ್ಟ ಮಧ್ಯಾಹ್ನಕ್ಕಿಂತ ಬೆಳಿಗ್ಗೆ ಹೆಚ್ಚು ಏರಿಸುತ್ತದೆ. ಅವರ ತಿಂಡಿಯೋ, ಮುಕ್ಕಾಲು ಪಾಲು ಧಾನ್ಯ. ಜೊತೆಗೆ ಒಂದು ಲೋಟ ಹಣ್ಣಿನ ರಸ. ಸಕ್ಕರೆ ಹಾಕದ ರಸ, ಆರೋಗ್ಯಕ್ಕೆ ಒಳ್ಳೇದು ಅಂತ ಕುಡಿಯುತ್ತಿದ್ದದ್ದು. ರಸ ಹಿಂಡಿದಾಗ ಹಣ್ಣಿನ ನಾರು ಹೋಗುತ್ತದೆ, ಎರಡು ಮೂರು ಹಣ್ಣಿನ ಸಕ್ಕರೆ ಒಂದೇ ಲೋಟಕ್ಕೆ ಬರುತ್ತದೆ. ಅಗಿಯುವ ಕೆಲಸವೂ ಇಲ್ಲ, ನಿಮಿಷದಲ್ಲಿ ಹೊಟ್ಟೆಗೆ.

ಮಧ್ಯಾಹ್ನದ ಊಟದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ನನಗೆ ಅರ್ಥವಾಗದೆ ಉಳಿದದ್ದು ರಾತ್ರಿ ಊಟಕ್ಕೆ ಮೊದಲಿನ 224. ಮಧ್ಯಾಹ್ನ ಊಟ ಮಾಡಿ ಅಷ್ಟು ಹೊತ್ತಾಗಿದೆ, ಒಂದು ಗಂಟೆ ನಡೆದು ಬಂದಿದ್ದಾರೆ. ಇಳಿಯಬೇಕಿತ್ತು ಅಲ್ವಾ?

"ಲೋ" ಆಗುತ್ತಿದ್ದದ್ದು

ಕೇಳಿದಾಗ ಮೊದಲು ಹೇಳಲಿಲ್ಲ. ಮಗಳು ಔಷಧಿ ತರಲು ಆಚೆ ಹೋದ ಮೇಲೆ ಹೇಳಿದರು. ನಡೆದು ಬಂದ ಮೇಲೆ ವಾರದಲ್ಲಿ ನಾಲ್ಕೈದು ದಿನ ಲೋ ಆಗುತ್ತದೆ, ಅಂದರೆ ಶುಗರ್ ತೀರಾ ಇಳಿದ ಹಾಗೆ. ಕೈ ನಡುಕ, ಬೆವರು, ಎದೆ ಡವಡವ. ಆಗ ಸಿಹಿ ತಿನ್ನುತ್ತಾರೆ. ಸರಿಹೋಗುತ್ತದೆ. ಇದು ನೋಟ್‌ಬುಕ್‌ನಲ್ಲಿ ಇರಲಿಲ್ಲ. ಯಾಕೆಂದರೆ ಅದು ಅವರ ಲೆಕ್ಕದಲ್ಲಿ ತಿನ್ನುವುದೇ ಅಲ್ಲ, ಔಷಧಿ. ಮಗಳು ಅನುಮಾನಪಟ್ಟದ್ದೂ ಇದೇ ಸಿಹಿಯ ಪೊಟ್ಟಣ ನೋಡಿ.

"ಲೋ ಅನ್ನಿಸಿದಾಗ ಮೀಟರ್‌ನಲ್ಲಿ ನೋಡಿದ್ದೀರಾ?"

"ಕೈ ನಡುಗೋವಾಗ ಚುಚ್ಚಿಕೊಳ್ಳೋದು ಹೇಗೆ ಮೇಡಂ?"

ಅದೂ ಸರಿಯೇ. ನಡೆಯಲು ಹೋಗುವ ಮೊದಲೇ ಸ್ಟ್ರಿಪ್, ಸೂಜಿ ಎಲ್ಲ ಮೇಜಿನ ಮೇಲೆ ಜೋಡಿಸಿಟ್ಟು ಹೋಗಿ, ಬಂದ ಕೂಡಲೇ ಮಗಳು ಚುಚ್ಚಲಿ ಅಂತ ಮಾತಾಯಿತು. ಮರುದಿನವೇ ಲೋ ಬಂತು. ಅಮ್ಮ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದಾರೆ. ಹಣೆ ಮೇಲೆ ಬೆವರು, ಎಡಗೈಯಲ್ಲಿ ಬಿಚ್ಚಿದ ಸಿಹಿ, ಬಲಗೈ ಮಗಳ ಕೈಯಲ್ಲಿ. ಮೀಟರ್ ತೋರಿಸಿದ್ದು 109. ಮೀಟರ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ಬೆರಳು ಚುಚ್ಚಿದಳು. 112. ಅಮ್ಮ ಆದರೂ ಸಿಹಿ ತಿಂದರು. ತಡೆಯಲಾಗಲಿಲ್ಲ ಅಂದರು. ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ಮತ್ತೆ 220ರ ಮೇಲೆ.

ಇದು ನಾಟಕವೂ ಅಲ್ಲ, ಭ್ರಮೆಯೂ ಅಲ್ಲ. ತಿಂಗಳುಗಟ್ಟಲೆ 200ರ ಆಸುಪಾಸಿನಲ್ಲಿ ಇದ್ದ ದೇಹ ಅದನ್ನೇ ಸರಿ ಅಂದುಕೊಂಡಿರುತ್ತದೆ. ಅಲ್ಲಿಂದ ಸರ್ರನೆ 110ಕ್ಕೆ ಇಳಿದರೆ ಅಪಾಯ ಬಂತು ಅಂತ ಅಡ್ರಿನಲಿನ್ ಸುರಿಸುತ್ತದೆ. ನಡುಕ, ಬೆವರು, ಹಸಿವು ಎಲ್ಲ ಅದರದ್ದೇ. ನಿಜವಾದ ಲೋ ಅಂದರೆ 70ಕ್ಕಿಂತ ಕೆಳಗೆ. 54ಕ್ಕಿಂತ ಕೆಳಗೆ ಹೋದರೆ ಗಂಭೀರ. ಅನುಭವಿಸುವವರಿಗೆ ನಿಜವಾದ ಲೋ, ಈ ಸುಳ್ಳು ಲೋ ಎರಡರ ನಡುವೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಮೀಟರ್‌ಗೆ ಮಾತ್ರ ಗೊತ್ತು. ಸರಾಸರಿ ನಿಧಾನವಾಗಿ ಇಳಿಯುತ್ತಾ ಬಂದರೆ ಕೆಲವು ವಾರಗಳಲ್ಲಿ ದೇಹ ಹೊಸ ಮಟ್ಟಕ್ಕೆ ಹೊಂದಿಕೊಳ್ಳುತ್ತದೆ.

ಆದರೆ ಇದನ್ನು ತಲೆಗೆ ತುಂಬುವಾಗ ಎಚ್ಚರ ಬೇಕಿತ್ತು. ಗ್ಲಿಮೆಪಿರೈಡ್ ತಗೊಳ್ಳುವವರಿಗೆ ನಿಜವಾದ ಲೋ ಕೂಡ ಆಗುತ್ತದೆ. ಆ ಮಾತ್ರೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ, ನೀವು ಉಂಡಿದ್ದೀರಾ ಇಲ್ಲವಾ ಅಂತ ಕೇಳುವುದಿಲ್ಲ. ಆದ್ದರಿಂದ ಮನೆಯವರಿಗೆಲ್ಲ ಒಟ್ಟಿಗೇ ಹೇಳಿದೆವು. ಮೊದಲು ಚುಚ್ಚಿ ನೋಡಿ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಸಕ್ಕರೆ, ಅಂದರೆ ಸುಮಾರು ಮೂರು ಟೀ ಚಮಚ, ನೀರಿನಲ್ಲಿ ಕದಡಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ 70 ದಾಟಿರದಿದ್ದರೆ ಇನ್ನೊಂದು ಸಲ ಅಷ್ಟೇ. ಚಾಕೊಲೇಟ್ ಈ ಹೊತ್ತಿಗೆ ಆಗದು, ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡ ಮಾಡುತ್ತದೆ. ನೋಡಲು ಮೀಟರ್ ಇಲ್ಲದಿದ್ದರೆ ಲೋ ಅಂತಲೇ ತಿಳಿದು ಸಕ್ಕರೆ ಕೊಡಿ, ಆಗ ವಾದ ಬೇಡ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಕೂಡಲೇ ವೈದ್ಯಕೀಯ ಸಹಾಯಕ್ಕೆ ಕರೆ ಮಾಡಿ. 109 ಥರದ ಅಂಕಿ ಬಂದರೆ ಕೂತು ನೀರು ಕುಡಿದು ಸ್ವಲ್ಪ ಕಾಯಿರಿ. ಕಾಲು ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ, ಇಳಿಯುತ್ತಲೇ ಇದೆಯಾ ಅಂತ ಗೊತ್ತಾಗಲಿ.

ಇನ್ನೊಂದು ವಿಷಯ ಮಾತಿನ ನಡುವೆ ಹೊರಬಿತ್ತು. ಗ್ಲಿಮೆಪಿರೈಡನ್ನು ಅವರು ತಿಂಡಿ ಮುಗಿದು, ಅಡುಗೆಮನೆ ಕೆಲಸವೂ ಮುಗಿದ ಮೇಲೆ ತಗೊಳ್ಳುತ್ತಿದ್ದರು. ಅದನ್ನು ದಿನದ ಮೊದಲ ಮುಖ್ಯ ಆಹಾರಕ್ಕೆ ಸ್ವಲ್ಪ ಮೊದಲು ಅಥವಾ ಅದರ ಜೊತೆಗೇ ತಗೊಳ್ಳಬೇಕು. ರಾತ್ರಿಯ ಮೆಟ್‌ಫಾರ್ಮಿನ್ ಹೊಟ್ಟೆ ಕೆಡಿಸುತ್ತದೆ ಅಂತ ಆಗಾಗ ಬಿಡುತ್ತಲೂ ಇದ್ದರು. ವೈದ್ಯರು ಅದನ್ನು ನಿಧಾನವಾಗಿ ಕರಗುವ ಬಗೆಯ ಮಾತ್ರೆಗೆ ಬದಲಿಸಿ, ಊಟದ ಜೊತೆಯಲ್ಲೇ ತಗೊಳ್ಳಲು ಹೇಳಿದರು. ಹೊಟ್ಟೆಯ ತಕರಾರು ನಿಂತಿತು. ಔಷಧಿ ತಗೊಳ್ತೀರಾ ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಯಾವಾಗ, ಯಾವುದರ ಜೊತೆ ಅಂತ ಕೇಳಬೇಕು.

ತಿಂಡಿ ಬದಲಿಸಿದ್ದು

ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಇಳಿಯಿತು ಅಂತ ತಿಳಿಯುವುದಿಲ್ಲ. ಹಾಗಾಗಿ ತಿಂಡಿ ಒಂದನ್ನೇ ಹಿಡಿದುಕೊಂಡೆವು. ತಿನ್ನುವ ಮೊದಲು ಒಂದು, ಎರಡು ಗಂಟೆಗೆ ಒಂದು, ಎರಡೇ ಸ್ಟ್ರಿಪ್. ಒಂದು ಬದಲಾವಣೆಗೆ ಮೂರು ದಿನ ಕೊಡಬೇಕು. ಒಂದೇ ದಿನದ ಅಂಕಿ ನಂಬಲಾಗದು, ನಿದ್ದೆ ಕೆಟ್ಟಿದ್ದರೂ ಏರುತ್ತದೆ.

ಮೊದಲು ರಸ ಹೋಯಿತು, ಬದಲಿಗೆ ಇಡೀ ಹಣ್ಣು, ಅದೂ ಬೆಳಿಗ್ಗೆ ಅಲ್ಲ, ಮಧ್ಯಾಹ್ನದ ಮೇಲೆ. ತಿಂಡಿಯ ನಂತರದ ಅಂಕಿ 260ರಿಂದ 220ರ ಹತ್ತಿರಕ್ಕೆ ಬಂತು. ಬಳಿಕ ಧಾನ್ಯ ಅರ್ಧಕ್ಕೆ ಇಳಿಸಿ, ಆ ಜಾಗಕ್ಕೆ ಮೊಟ್ಟೆ ಅಥವಾ ಬೇಯಿಸಿದ ಕಾಳು ಮತ್ತು ತರಕಾರಿ ಬಂತು. ತರಕಾರಿ, ಕಾಳು ಮೊದಲು ತಿಂದು ಧಾನ್ಯ ಕೊನೆಗೆ. ಈ ಕ್ರಮದಲ್ಲಿ ತಿಂದರೆ ಹೊಟ್ಟೆ ಖಾಲಿಯಾಗುವುದು ನಿಧಾನವಾಗಿ ಏರಿಕೆ ಕಡಿಮೆಯಾಗುತ್ತದೆ. 190ರ ಆಸುಪಾಸು. ಕೊನೆಗೆ ನಡಿಗೆ. ಸಂಜೆಯ ಒಂದು ಗಂಟೆಯನ್ನು ಒಡೆದು, ಮೂರು ಹೊತ್ತು ಉಂಡಾದ ಮೇಲೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಹಂಚಿದೆವು. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್‌ಗೆ ಕಾಯದೆಯೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಶುಗರ್ ಏರುತ್ತಿರುವ ಹೊತ್ತಿಗೇ ನಡೆದರೆ ಅದರ ಉಪಯೋಗ ಹೆಚ್ಚು. 165, 158, 170 ಬಂದವು. ಸಂಜೆ ಒಮ್ಮೆಲೇ ಇಳಿಯುವುದೂ ನಿಂತಿತು, ಅದರ ಜೊತೆ ನಡುಕವೂ.

ಅವರಿಗೆ ತೀರಾ ಬೇಸರವಾದದ್ದು ಧಾನ್ಯ ಕಡಿಮೆಯಾದದ್ದಲ್ಲ, ಸಂಜೆಯ ನಡಿಗೆ ಹೋದದ್ದು. ಅದು ಅವರ ಗೆಳತಿಯರ ಹೊತ್ತು. ಹದಿನೈದು ನಿಮಿಷ ಮನೆಯೊಳಗೆ ಸುತ್ತು ಹಾಕಿದರೆ ಯಾರು ಸಿಗುತ್ತಾರೆ? ಕೊನೆಗೆ ವಾರದಲ್ಲಿ ಎರಡು ದಿನ ಹಳೆಯ ನಡಿಗೆ ಉಳಿಸಿಕೊಂಡರು. ಆ ದಿನ ಹೊರಡುವ ಮೊದಲು ಒಂದು ಸಲ ಚುಚ್ಚಿ ನೋಡುತ್ತಾರೆ. ನನಗೇನೂ ಅಭ್ಯಂತರ ಕಾಣಲಿಲ್ಲ.

ನಡುವೆ ಎರಡು ಘಟನೆ

ಐದನೇ ವಾರ ಮಧ್ಯಾಹ್ನ ಹನ್ನೆರಡೂವರೆಗೆ ನಡುಕ ಬಂತು. ಅಷ್ಟು ಹೊತ್ತಿಗೆ ಸುಳ್ಳು ಲೋ ಅಭ್ಯಾಸವಾಗಿತ್ತು. ಆದರೂ ಚುಚ್ಚಿದರು. 63. ಈ ಸಲ ನಿಜವಾದದ್ದೇ. ಸಕ್ಕರೆ ನೀರು ಕುಡಿದು, ಹದಿನೈದು ನಿಮಿಷಕ್ಕೆ 88ಕ್ಕೆ ಬಂದರು. ಕಾರಣ ಹುಡುಕಬೇಕಾಗಿಯೇ ಇರಲಿಲ್ಲ. ತಿಂಡಿಯ ಧಾನ್ಯ ಅರ್ಧವಾಗಿದೆ, ಮೇಲೆ ನಡಿಗೆ, ಮಾತ್ರೆ ಸರಿಯಾದ ಹೊತ್ತಿಗೆ ಒಳಗೆ ಹೋಗುತ್ತಿದೆ. ಡೋಸ್ ಮಾತ್ರ ಹಳೆಯದೇ. ಹೀಗಾಗಬಹುದು, ಆದರೆ ತಕ್ಷಣ ತಿಳಿಸಿ ಅಂತ ವೈದ್ಯರು ಮೊದಲೇ ಹೇಳಿದ್ದರು. ಅದೇ ದಿನ ಗ್ಲಿಮೆಪಿರೈಡ್ ಅರ್ಧ ಮಾಡಿದರು. ಊಟ ಕಡಿಮೆ ಮಾಡಿ ಮಾತ್ರೆಯನ್ನು ಹಾಗೇ ಮುಂದುವರಿಸುವುದು ಈ ಬಗೆಯ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರಿಗೆ ನಿಜಕ್ಕೂ ಅಪಾಯ. ಯಾರದೋ ಪಥ್ಯ ನೋಡಿ ನಾಳೆಯಿಂದ ನಾನೂ ಅಂತ ಹೊರಡುವವರು ಇದನ್ನು ಮರೆಯುತ್ತಾರೆ.

ಎರಡನೆಯದು ಭುಜದ ಇಂಜೆಕ್ಷನ್. ಅವರಿಗೆ ಭುಜ ಬಿಗಿದುಕೊಂಡು ಕೈ ಎತ್ತಲಾಗುತ್ತಿರಲಿಲ್ಲ. ಮಧುಮೇಹ ಇರುವವರಲ್ಲಿ ಇದು ಜಾಸ್ತಿ. ಮೂಳೆ ವೈದ್ಯರು ಕೀಲಿಗೆ ಸ್ಟಿರಾಯ್ಡ್ ಕೊಟ್ಟರು. ಮರುದಿನದಿಂದ 270, 290. ಇಷ್ಟು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ ಅಂತ ಅಮ್ಮ ಫೋನಿನಲ್ಲಿ ಅಳುವ ಹಾಗಾದರು. ಕೀಲಿಗೆ ಕೊಟ್ಟ ಸ್ಟಿರಾಯ್ಡ್ ಕೂಡ ಕೆಲವು ದಿನ ಶುಗರ್ ಏರಿಸುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಊಟ ಬಿಡಬೇಡಿ, ನೀರು ಚೆನ್ನಾಗಿ ಕುಡಿಯಿರಿ, ದಿನಕ್ಕೆ ಎರಡು ಸಲ ನೋಡಿ, 300 ದಾಟಿ ನಿಂತರೆ ಕರೆ ಮಾಡಿ ಅಂದರು ವೈದ್ಯರು. ವಾರದೊಳಗೆ ಹಳೆಯ ಅಂಕಿಗಳು ಬಂದವು. ಮಧುಮೇಹ ಇದೆ ಅಂತ ಇಂಜೆಕ್ಷನ್‌ಗೆ ಮೊದಲೇ ಹೇಳಿ, ಏನಾಗಬಹುದು ಅಂತ ಕೇಳಿಕೊಂಡಿದ್ದರೆ ಇಷ್ಟು ಗಾಬರಿ ಇರುತ್ತಿರಲಿಲ್ಲ. ಜ್ವರ, ಸೋಂಕು ಬಂದಾಗಲೂ ಹೀಗೇ ಏರುತ್ತದೆ.

ಈಗಿನ ಸ್ಥಿತಿ

ಮೂರು ತಿಂಗಳಿಗೆ ಎಚ್‌ಬಿಎ1ಸಿ 7.3. ಸರಾಸರಿ 163. ಬೆಳಗಿನ ಅಂಕಿ ಮೊದಲಿದ್ದಷ್ಟೇ ಇದೆ, 115ರಿಂದ 130. ಆ ನೋಟ್‌ಬುಕ್ ಮಾತ್ರ ನೋಡಿದವರಿಗೆ ಏನೂ ಬದಲಾಗಿಲ್ಲ ಅನ್ನಿಸಬೇಕು. ಈ ಪರೀಕ್ಷೆಯಲ್ಲಿ ಕೊನೆಯ ಒಂದು ತಿಂಗಳ ಪಾಲು ಸುಮಾರು ಅರ್ಧ ಇರುತ್ತದೆ. ಸ್ಟಿರಾಯ್ಡ್ ವಾರವೂ ಆ ತಿಂಗಳಲ್ಲೇ ಇತ್ತು, ಹಾಗಾಗಿ ಮುಂದಿನ ಸಲ ಇನ್ನೂ ಸ್ವಲ್ಪ ಇಳಿದೀತು.

ಈಗ ದಿನಾ ಬೆಳಿಗ್ಗೆ ಚುಚ್ಚುವುದನ್ನು ಬಿಡಿಸಿದ್ದೇವೆ. ವಾರಕ್ಕೆ ಎರಡು ದಿನ, ಒಂದೊಂದು ಊಟಕ್ಕೆ ಮೊದಲು ಮತ್ತು ನಂತರ, ಸರದಿಯ ಪ್ರಕಾರ. ಹೊಸದೇನಾದರೂ ತಿಂದರೆ ಆವತ್ತು. ಮೈ ನಡುಗಿದರೆ ಯಾವಾಗ ಬೇಕಾದರೂ. ಸ್ಟ್ರಿಪ್ ಖರ್ಚು ಮೊದಲಿಗಿಂತ ಕಡಿಮೆ. ನೋಟ್‌ಬುಕ್‌ನಲ್ಲಿ ಅಂಕಿಯ ಪಕ್ಕ ಏನು ತಿಂದದ್ದು ಅಂತ ಅಮ್ಮನೇ ಬರೆಯುತ್ತಾರೆ, ಮಗಳು ಕೇಳಿದರೆ ತೋರಿಸುತ್ತಾರೆ. ಹಿಂದಿನ ಸಲ ಬಂದಾಗ ಒಂದು ಸಾಲಿನಲ್ಲಿ "ಮದುವೆ ಊಟ, 241, ಚೆನ್ನಾಗಿತ್ತು" ಅಂತ ಇತ್ತು.

ರಾತ್ರಿ ಊಟದ ನಂತರ ಇನ್ನೂ 200ರ ಆಚೀಚೆ ಇದೆ. ತಡವಾಗಿ ಉಂಡು ಕೂಡಲೇ ಮಲಗುವುದು ಕಾರಣ ಅಂತ ನನ್ನ ಅನುಮಾನ. ರಾತ್ರಿ ಊಟವನ್ನು ಇನ್ನೂ ಬೇಗ ಮಾಡುವುದು ಮನೆಯವರೆಲ್ಲರ ವಿಷಯ, ಇನ್ನೂ ಮಾತುಕತೆ ನಡೆಯುತ್ತಿದೆ. ಶುಗರ್ ಬೇಗ ಇಳಿದಾಗ ಕಣ್ಣಿನ ಅಕ್ಷಿಪಟಲದ ಹಳೆಯ ತೊಂದರೆ ಕೆಲವರಲ್ಲಿ ಸ್ವಲ್ಪ ಕಾಲ ಹೆಚ್ಚುವುದುಂಟು, ಅದಕ್ಕೆ ಕಣ್ಣಿನ ಪರೀಕ್ಷೆಗೂ ಬರೆದುಕೊಟ್ಟಿದ್ದಾರೆ. ಒಂಬತ್ತು ವರ್ಷ ಮೆಟ್‌ಫಾರ್ಮಿನ್ ತಗೊಂಡಿರುವುದರಿಂದ ಬಿ12 ವಿಟಮಿನ್ ಕಡಿಮೆಯಾಗಿದೆಯಾ ಅನ್ನುವ ಪರೀಕ್ಷೆಯೂ ಆಗಬೇಕು. ಎರಡರ ವರದಿಯೂ ಮುಂದಿನ ಭೇಟಿಗೆ ಬರುತ್ತದೆ.